ಹಲ್ಲು ನೋಡೋ ಮೊದಲು ಗೊರಸು ನೋಡಿ

ಈ ವಾರ ಬೆಳೆ ವಿಷಯ ಬೇಡ, ಎತ್ತಿನ ಕಾಲಿನ ವಿಷಯ ಬರೀತೀನಿ.

ಜಾತ್ರೇಲಿ ಎತ್ತು ಕೊಳ್ಳೋರು ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ, ಕೊಂಬು ನೋಡ್ತಾರೆ, ಸುಳಿ ನೋಡ್ತಾರೆ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸ್ತಾರೆ. ಕಾಲೆತ್ತಿ ಗೊರಸು ನೋಡೋರು ಬಹಳ ಕಮ್ಮಿ. ನಾನಂತೂ ಮೊದಲು ಗಟ್ಟಿ ನೆಲದ ಮೇಲೆ ನಡೆಸಿ ನೋಡ್ತೀನಿ. ಮುಂಗಾಲು ಊರುವಾಗ ತಲೆ ಮೇಲಕ್ಕೆ ಎಸೆದರೆ ಆ ಕಾಲಲ್ಲಿ ನೋವಿದೆ ಅಂತಲೇ ಲೆಕ್ಕ. ಸುಳಿ ಎಷ್ಟು ಚೆನ್ನಾಗಿದ್ದರೇನು, ಕುಂಟೋ ಎತ್ತು ನೇಗಿಲು ಎಳೆಯುತ್ತಾ?

ಕುದುರೆಗೆ ಕಾಲಿಗೊಂದೇ ಗೊರಸು, ಒಂದೇ ಲಾಳ. ಎತ್ತಿನದು ಸೀಳು ಗೊರಸು, ಕಾಲಿಗೆ ಎರಡರಂತೆ ಎಂಟು ಲಾಳ. ಗೊರಸು ನಮ್ಮ ಉಗುರಿನ ಹಾಗೇ, ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರ್ ಬೆಳೆಯುತ್ತೆ. ಡಾಂಬರು ರಸ್ತೇಲಿ ಕಬ್ಬಿನ ಗಾಡಿ ಎಳೆಯೋ ಎತ್ತಿಗೆ ಬೆಳೆಯೋದಕ್ಕಿಂತ ಸವೆಯೋದೇ ಜಾಸ್ತಿ, ಅದಕ್ಕೇ ಲಾಳ ಬೇಕು. ಕೊಟ್ಟಿಗೇಲೇ ನಿಂತಿರೋ ಸೀಮೆಹಸುಗಳಲ್ಲಿ ಎಷ್ಟೋ ಸಲ ಇದು ಉಲ್ಟಾ. ಗೊರಸು ಸವೆಯದೆ ಮುಂದಕ್ಕೆ ಬೆಳೆದು, ಭಾರವೆಲ್ಲ ಹಿಮ್ಮಡಿಗೆ ಬೀಳುತ್ತೆ. ಅದನ್ನ ತಿಳಿದವರ ಕೈಲಿ ಕತ್ತರಿಸಲೇಬೇಕು.

ಲಾಳದ ಮೊಳೆ ಗೊರಸಿನ ಹೊರಗಿನ ಗಟ್ಟಿ ಭಾಗದಲ್ಲೇ ಹೋಗಬೇಕು. ಒಳಗಿನ ಜೀವ ಇರೋ ಮಾಂಸಕ್ಕೆ ತಾಗಿದರೆ ಎತ್ತು ಕುಂಟುತ್ತೆ. ಲಾಳ ಕಟ್ಟಿಸಿದ ಮೇಲೆ ಕುಂಟಿದರೆ "ಹೊಸದು, ಸರಿಹೋಗುತ್ತೆ" ಅಂತ ಕೂರಬೇಡಿ. ಆ ಮೊಳೆ ಕೀಳಿಸಿ, ಡಾಕ್ಟರಿಗೆ ತೋರಿಸಿ.

ಕೆಸರುಗದ್ದೆ ಕೆಲಸ ಇದ್ದಾಗ ನಾನು ದಿನಾ ಸಂಜೆ ಗೊರಸಿನ ಸಂದಿ ತೊಳೆದು, ಕಲ್ಲು ಸಿಕ್ಕಿದೆಯಾ ಅಂತ ಬೆರಳಾಡಿಸಿ ನೋಡ್ತೀನಿ. ಕೊಳೆತ ವಾಸನೆ ಬಂದರೆ ಸಂದಿ ಕೊಳೀತಾ ಇದೆ ಅಂತ. 10 ಲೀಟರ್ ನೀರಿಗೆ ಅರ್ಧ ಕೆಜಿ ಮೈಲುತುತ್ತ ಕರಗಿಸಿ ಸ್ವಲ್ಪ ಹೊತ್ತು ಕಾಲು ನೆನೆಸಬಹುದು. ಹಸಿ ಗಾಯ ಇದ್ದರೆ ಬೇಡ. ಆ ನೀರನ್ನ ಯಾವ ದನವೂ ಕುಡೀಬಾರದು, ಕುರಿಗಳನ್ನಂತೂ ಹತ್ತಿರಕ್ಕೇ ಬಿಡಬೇಡಿ, ತಾಮ್ರ ಅವಕ್ಕೆ ಬೇಗ ವಿಷ ಆಗುತ್ತೆ.

ಕಾಲುಬಾಯಿ ಜ್ವರ ಜೋರಾದರೆ ಗೊರಸೇ ಕಳಚಿಕೊಳ್ಳುತ್ತೆ. ಆರು ತಿಂಗಳಿಗೊಮ್ಮೆ ಲಸಿಕೆ ಹಾಕೋಕೆ ಬಂದಾಗ, ಹಾಲು ಕಮ್ಮಿ ಆಗುತ್ತೆ ಅಂತ ಹಸು ಹಿತ್ತಲಿಗೆ ಅಟ್ಟೋರು ನಮ್ಮೂರಲ್ಲೇ ಇದ್ದಾರೆ. ಓದ್ತಾನೂ ಇದ್ದಾರೆ.

ನಮಗೆ ಲಾಳ ಕಟ್ಟೋ ಯಜಮಾನರಿಗೆ ಎಪ್ಪತ್ತು ದಾಟಿದೆ. ಎತ್ತು ಕೆಡವೋಕೆ ಈಗ ನಾವು ಮೂವರು ಹಗ್ಗ ಹಿಡೀಬೇಕು. ಮಗ ಆಟೋ ಓಡಿಸ್ತಾನೆ, ಈ ಕೆಲಸ ಕಲಿತಿಲ್ಲ. ನಮ್ಮ ಜೋಡಿಯ ಎಡಗೋಲಿನ ಎತ್ತಿಗೆ ಎರಡು ಲಾಳ ಸವೆದು ತೆಳುವಾಗಿವೆ, ಉಳುಮೆಗೆ ಹದಿನೈದು ದಿನವೂ ಇಲ್ಲ. ನಿಮ್ಮ ಕಡೆ ಈ ಕೆಲಸ ಗೊತ್ತಿರೋರು ಯಾರಾದರೂ ಇದ್ದರೆ ತಿಳಿಸಿ. ಹೋಗಿ ಬರೋ ಖರ್ಚು, ಊಟ ನಮ್ಮದು.