ತಂಗಳ ಬ್ಯಾರೆ, ತಣ್ಣಂದು ಬ್ಯಾರೆ: ಶೇಂಗಾ ಹಿಂಡಿ ಕಲಸಿದ ಶ್ಯಾವಿಗಿ

ಏಪ್ರಿಲ್ ಅರ್ಧಾ ಮುಗೀತಂದ್ರ ನಮ್ಮ ಉಗಾರದಾಗ ಮಧ್ಯಾಹ್ನ ಅಡಗಿಮನಿಯೊಳಗ ನಿಲ್ಲೂದು ಅಂದ್ರ ಹಂಚಿನ ಮ್ಯಾಲ ನಿಂತಂಗ. ಕೃಷ್ಣಾ ಹೊಳಿ ಮಗ್ಗಲದಾಗ ಇದ್ರೂ ಬೀಸೂ ಗಾಳಿ ಬಿಸಿನೇ. ಅಂಥಾ ದಿನಾ ಮಾಡೂ ಒಂದು ಪದಾರ್ಥ ಇವತ್ತ ಹೇಳ್ತೇನ್ರಿ: ಶ್ಯಾವಿಗಿ ಕುದಿಸಿ, ಆರಿಸಿ, ಅದಕ್ಕ ಶೇಂಗಾ ಹಿಂಡಿ, ಹಸಿ ತರಕಾರಿ ಕಲಸೂದು.

"ತಣ್ಣಂದ ಉಣ್ಣೂದು" ಅಂದಕೂಡ್ಲೆ ನಮ್ಮ ಕಡೆ ಹೆಣ್ಣಮಕ್ಕಳ ಮುಖಾ ಸಣ್ಣ ಆಗ್ತೈತಿ. ಯಾಕಂದ್ರ ನಮಗ ತಣ್ಣಂದು ಅಂದ್ರ ತಂಗಳ. ಗಂಡಸರಿಗೆ, ಹುಡುಗರಿಗೆ ಹಂಚಿನ ಮ್ಯಾಲಿಂದ ಬಿಸಿ ರೊಟ್ಟಿ ನೇರ ತಾಟಿಗೆ ಬೀಳಬೇಕು. ರೊಟ್ಟಿ ಬಡಿಯಾಕಿ ಕಡೀಕ, ಉಳದದ್ದು ಹಚ್ಚಿಕೊಂಡು ಉಣ್ಣಾಕಿ. ನಮ್ಮ ಅತ್ತಿಯವರು ಮದವಿ ಆಗಿ ಬಂದಾಗಿಂದ ಹಂಗ ಉಂಡಾರ.

ಹಂಗಂತ ತಣ್ಣನ ಊಟಕ್ಕ ನಮ್ಮಲ್ಲಿ ಮಾನ ಇಲ್ಲಂತಲ್ಲ. ಎಳ್ಳ ಅಮಾಸಿಗೆ ಹೊಲಕ್ಕ ಚರಗ ಚೆಲ್ಲಾಕ ಹೋಗೂವಾಗ ಕಡಕ್ ಸಜ್ಜಿ ರೊಟ್ಟಿ, ಹಿಂಡಿ, ಮೊಸರು, ಪಲ್ಲೆ ಎಲ್ಲಾ ಬುಟ್ಟ್ಯಾಗ ಹೋಗ್ತಾವು. ಅಲ್ಲಿ ಒಲಿ ಇರೂದಿಲ್ಲ. ಒಲಿ ಇಲ್ಲಂದ್ರ ಒಲಿ ಮುಂದ ಕುಂಡ್ರಾಕಿನೂ ಇರೂದಿಲ್ಲ. ಎಲ್ಲಾರೂ ಒಂದ ಸಾಲಿನ್ಯಾಗ ಕುಂತು ಉಣ್ತೇವು. ವರ್ಷಕ್ಕ ಒಮ್ಮೆ ಹೊಲದಾಗ ಆಗೂದು, ಬ್ಯಾಸಗ್ಯಾಗ ಮನಿಯಾಗ ಯಾಕ ಆಗಬಾರದು?

ಬ್ಯಾರೆ ದೇಶದಾಗ ಇದು ಹೊಸಾದಲ್ರಿ. ಚೀನಾದ ಸಿಚುವಾನ್ ಕಡೆ ಆರಿಸಿದ ನೂಡಲ್ಸಿಗೆ ಅರದ ಎಳ್ಳು, ಖಾರದ ಎಣ್ಣಿ ಹಚ್ಚಿ ತಿಂತಾರ. ಕೊರಿಯಾದವರು ಬ್ಯಾಸಗ್ಯಾಗ ಸೋಯಾಕಾಳ ರುಬ್ಬಿದ ತಣ್ಣನ ಹಾಲಿನ್ಯಾಗ ನೂಡಲ್ಸ್ ಹಾಕ್ತಾರ. ನಮ್ಮ ಮನಿಯಾಗ ಶ್ಯಾವಿಗಿನೂ ಐತಿ, ಶೇಂಗಾನೂ ಐತಿ, ಬೀಗತನ ಅಷ್ಟ ಆಗಿರಲಿಲ್ಲ. ಹಂಗ ನೋಡಿದ್ರ ಶೇಂಗಾ ದಕ್ಷಿಣ ಅಮೇರಿಕಾದಿಂದ ಬಂದ ಸೊಸಿ, ಗುರೆಳ್ಳಿನ ತವರು ಇಥಿಯೋಪಿಯಾ. ಈಗ ಇಬ್ಬರೂ ಇಲ್ಲದ ನಮ್ಮ ರೊಟ್ಟಿ ಬುಟ್ಟಿ ತುಂಬೂದಿಲ್ಲ.

ಶ್ಯಾವಿಗಿ ಜವಿ ಗೋಧಿದು ಇದ್ರ ಭಾಳ ಚಲೋ. ಮರಾಠಿಯವರು ಖಪಲಿ ಅಂತಾರಲ್ಲ, ಅದ. ಸಾಂಗಲಿ, ಕೊಲ್ಲಾಪುರ ಕಡೆನೂ ಬೆಳೀತಾರ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1025, ಡಿಡಿಕೆ 1029 ಅಂತ ಅದರ ತಳಿನೂ ಕೊಟ್ಟಾರ. ಈ ಗೋಧಿ ಶ್ಯಾವಿಗಿ ಕುದ್ದರೂ ಎಳಿ ಎಳಿ ನಿಲ್ತೈತಿ. ಇಲ್ಲಂದ್ರ ರವಾದ ಶ್ಯಾವಿಗಿನೂ ನಡೀತೈತಿ.

ನಾಕ ಮಂದಿಗೆ 200 ಗ್ರಾಂ ಶ್ಯಾವಿಗಿ ಸಾಕು. ಹುರದಿರದಿದ್ರ ಸ್ವಲ್ಪ ಕೆಂಪಗ ಹುರಕೋರಿ. ದೊಡ್ಡ ಪಾತ್ರ್ಯಾಗ ಭರಪೂರ ನೀರು, ಉಪ್ಪು ಹಾಕಿ ಕುದಿಸ್ರಿ. ಕೈಲೆ ಮಾಡಿದ ಸಣ್ಣ ಎಳಿಗೆ 2-3 ನಿಮಿಷ ಸಾಕು, ಒಂದ ಎಳಿ ಕಡದು ನೋಡ್ರಿ. ಬಸದ ಕೂಡ್ಲೆ ಗಡಗಿ ತಣ್ಣೀರು ಸುರವಿ ಕೈಲೆ ಸಡಲಿಸ್ರಿ. ಮ್ಯಾಲಿನ ಗಂಜಿ ತೊಳದು ಹೋದ್ರ ಮುದ್ದಿ ಆಗೂದಿಲ್ಲ. ನೀರ ಪೂರ್ತಿ ಬಸದಮ್ಯಾಲ ಒಂದ ಚಮಚೆ ಶೇಂಗಾ ಎಣ್ಣಿ ಸವರಿ ಇಡ್ರಿ.

ಇನ್ನ ಹಿಂಡಿ. ಒಂದ ವಾಟಗಾ ಶೇಂಗಾ ಸಣ್ಣ ಉರಿ ಮ್ಯಾಲ ಹುರೀರಿ. ಅವಸರ ಮಾಡಿದ್ರ ಹೊರಗ ಕರಗ, ಒಳಗ ಹಸಿ. ಗುರೆಳ್ಳು ಎರಡ ಚಮಚೆ ಬ್ಯಾರೆ ಹುರೀರಿ, ಚಟಪಟ ಅಂದಕೂಡ್ಲೆ ಇಳಸ್ರಿ, ಹೆಚ್ಚ ಆದ್ರ ಕಹಿ. ಬಳ್ಳೊಳ್ಳಿ 5-6 ಎಸಳು, ಜೀರಗಿ, ಒಂದ ಚಮಚೆ ಖಾರ, ಉಪ್ಪು ಕೂಡಿಸಿ ಎಣ್ಣಿ ಬಿಡೂತನಕ ಒಳ್ಳಿನ್ಯಾಗ ಕುಟ್ಟರಿ. ಮಿಕ್ಸರ್‌ನ್ಯಾಗ ಆದ್ರ ನಿಂದರಿಸಿ ನಿಂದರಿಸಿ ತಿರವ್ರಿ. ಆಮ್ಯಾಲ ಹುಣಸಿ ರಸಾ, ಚೂರು ಬೆಲ್ಲ ಹಾಕಿ ಚಮಚೆ ಚಮಚೆ ನೀರು ಬಿಡ್ರಿ. ಮೊದಲ ಹಿಂಡಿ ಇನ್ನೂ ಗಟ್ಟಿ ಆಗ್ತೈತಿ, ಅಂಜಬ್ಯಾಡ್ರಿ. ಮತ್ತ ನೀರು ಬಿಟ್ಟು ತಿರವ್ಯಾಡಿದ್ರ ತಾನ ಸಡಲಾಗಿ ಮೊಸರಿನಂಗ ನುಣ್ಣಗ ಬರ್ತೈತಿ.

ಸೌತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ, ಎಳೀ ಮೆಂತೆ ಪಲ್ಲೆ ಸಣ್ಣಗ ಹೆಚ್ಚರಿ. ನಾವು ಪಚಡಿಗೆ ಹೆಚ್ಚೂವಂಗ. ಎಲ್ಲಾ ಪರಾತದಾಗ ಸುರವಿ, ಹಿಂಡಿ ಹಾಕಿ ಕೈಲೆ ಹಗೂರಕ ಕಲಸ್ರಿ. ಮ್ಯಾಲ ಲಿಂಬಿಹಣ್ಣು, ಕೊತ್ತಂಬರಿ.

ಮೊದಲ ಸಲ ಮಾಡಿದಾಗ ಮಾವನವರು ತಾಟ ನೋಡಿ "ಬಿಸಿದು ಏನೂ ಇಲ್ಲೇನು?" ಅಂದ್ರು. "ಇವತ್ತ ಒಲಿಗೆ ಸೂಟಿ" ಅಂದೆ. ಏನೂ ಅನಲಿಲ್ಲ, ಎರಡನೇ ಸಲ ಹಾಕಿಸಿಕೊಂಡ್ರು. ಅತ್ತಿಯವರು ಮಾತ್ರ ಕುಂತು ನಾಕ ತುತ್ತು ಉಂಡು, ರೂಢಿ ಬಿದ್ದಂಗ ಎದ್ದು ಅಡಗಿಮನಿಗೆ ಹೊಂಟ್ರು. ಅಲ್ಲಿ ಮಾಡೂದು ಏನೂ ಇರಲಿಲ್ಲ. ಬಾಗಲದಾಗ ಒಂದ ಗಳಿಗಿ ನಿಂತು, ತಿರಗಿ ಬಂದು ತಮ್ಮ ತಾಟಿನ ಮುಂದ ಕುಂತ್ರು. ನಾವು ಯಾರೂ ಏನೂ ಅನಲಿಲ್ಲ. ಅವತ್ತ ಅವರು ಸಾವಕಾಶ ಉಂಡ್ರು. ಅದಾದಮ್ಯಾಲ ಬ್ಯಾಸಗ್ಯಾಗ ಪ್ರತಿ ಐತವಾರ ಅವರ ಕೇಳ್ತಾರ, "ಇವತ್ತ ಒಲಿಗೆ ಸೂಟಿ ಏನ?"

ಒಂದೆರಡ ಮಾತು ನೆನಪಿಡ್ರಿ. ಶೇಂಗಾ ಒಗ್ಗದವರಿಗೆ ಬರೇ ಎಳ್ಳು, ಗುರೆಳ್ಳು ಹಾಕಿ ಮಾಡ್ರಿ. ಹುಣಸಿ ಬದಲಿ ಮೊಸರು ಹಾಕೂದಿದ್ರ ಉಣ್ಣೂ ಮುಂದ ಹಾಕ್ರಿ, ಆಗಿಂದಾಗ ಮುಗಿಸ್ರಿ. ಕಲಸಿದ್ದನ್ನ ಈ ಬಿಸಲಾಗ ಹೊರಗ ಒಂದ ತಾಸಿನ ಮ್ಯಾಲ ಇಡಬ್ಯಾಡ್ರಿ. ಹಿಂಡಿ ಒಣದು ಇದ್ರ ಡಬ್ಬ್ಯಾಗ ವಾರಗಟ್ಟಲೆ ಇರ್ತೈತಿ, ಶ್ಯಾವಿಗಿ ಮಾತ್ರ ಆವತ್ತಿಂದ ಆವತ್ತ.

ಉಳದು ಮರುದಿನ ಉಂಡ್ರ ಅದು ಮತ್ತ ತಂಗಳನ ಆತು, ಅದನ್ನ ಯಾರು ಉಣ್ಣಾಕಿ ಅಂತ ನಿಮಗ ಗೊತ್ತೈತಿ. ಅದಕ್ಕ ತಲಿ ಲೆಕ್ಕಾ ಹಾಕಿ ಅಷ್ಟ ಮಾಡ್ರಿ. ಲೆಕ್ಕದಾಗ ನಿಮ್ಮ ತಲಿನೂ ಹಿಡೀರಿ.