ಲಾಲ್‌ಬಾಗಿಗೆ ಒಂದು ದಿನ, ಹಾಲು ಕರೆಯೋಕೆ ಮುಯ್ಯಾಳು

ರಾಗಿ ಒಕ್ಕಣೆ ಮೊನ್ನೆ ಮುಗೀತು. ಹುಲ್ಲು ಬಣವೆ ಒಟ್ಟಿದ್ದಾಯ್ತು. ಹುಣಸೆ ಬಡಿಯೋಕೆ ಇನ್ನೂ ಎರಡು ವಾರ ಇದೆ. ಈ ಸಲ ಬೆಳೆ ವಿಷಯ ಬರೀತಿಲ್ಲ, ಒಂದು ದಿನದ ರಜದ ವಿಷಯ ಬರೀತಿದ್ದೀನಿ. ನಗಬೇಡಿ. ಮನೇಲಿ ಹಸು ಇರೋರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು.

ನಾನೂ ನನ್ನ ಹೆಂಡತಿಯೂ ಬೆಂಗಳೂರಿಗೆ ಎಷ್ಟೋ ಸಲ ಹೋಗಿದ್ದೀವಿ. ಮಾರ್ಕೆಟ್ಟಿಗೆ, ಇಲ್ಲಾಂದ್ರೆ ಆಸ್ಪತ್ರೆಗೆ. ನೋಡೋಕೆ ಅಂತ ಒಂದು ಸಲವೂ ಹೋಗಿಲ್ಲ. ಮದುವೆಯಾದ ಹೊಸದರಲ್ಲಿ ಲಾಲ್‌ಬಾಗ್ ತೋರಿಸ್ತೀನಿ ಅಂದಿದ್ದೆ. ಇಪ್ಪತ್ತೆಂಟು ವರ್ಷ ಆಯ್ತು. ಹೋದ ವರ್ಷ ಆಗಸ್ಟ್ 15ರ ಫಲಪುಷ್ಪ ಪ್ರದರ್ಶನಕ್ಕೆ ಹೊರಟೇ ಬಿಟ್ಟಿದ್ವಿ. ಹಿಂದಿನ ರಾತ್ರಿ ಹಸುಗೆ ಹೊಟ್ಟೆ ಉಬ್ಬರ. ಬೆಳಗಿನ ಜಾವದವರೆಗೂ ಎಣ್ಣೆ ಕುಡಿಸಿ ನಡೆಸಾಡಿಸಿದ್ವಿ. ಹಸು ಉಳೀತು, ಸೀರೆ ವಾಪಸ್ ಪೆಟ್ಟಿಗೆಗೆ ಹೋಯ್ತು. ಅವಳು ಏನೂ ಅನ್ನಲಿಲ್ಲ.

ಈಗ ಅವಳಿಗೆ ಮಂಡಿ ನೋವು. ಕಳೆ ಕೀಳೋಕೆ ಕುಕ್ಕರಗಾಲಲ್ಲಿ ಕೂತೂ ಕೂತೂ ಸವೆದಿದೆ ಅಂದ್ರು ಡಾಕ್ಟ್ರು. ಮೊನ್ನೆ ನಾನು ಮತ್ತೆ ಲಾಲ್‌ಬಾಗ್ ಮಾತು ತೆಗೆದಾಗ ಹೇಳಿದ್ಳು: "ನನಗೆ ಮಂಡಿ ಇದ್ದಾಗ ನಿಮಗೆ ಪುರುಸೊತ್ತಿರ್ಲಿಲ್ಲ. ಈಗ ನಿಮಗೆ ಪುರುಸೊತ್ತು, ನನಗೆ ಮಂಡಿ ಇಲ್ಲ." ಆ ಮಾತು ಕೇಳಿ ಆ ರಾತ್ರಿ ನಿದ್ದೆ ಬರಲಿಲ್ಲ. ಬಿತ್ತನೆಗೆ ಲೆಕ್ಕ ಹಾಕೋ ಹಾಗೆ ಕೂತು ಲೆಕ್ಕ ಹಾಕ್ದೆ.

ಮೊದಲು ದಿನ. ಪ್ರದರ್ಶನದ ಸಮಯ ಬೇಡ. ಆಗಸ್ಟಲ್ಲಿ ನಮಗೆ ರಾಗಿಗೆ ಕುಂಟೆ ಹಾಯಿಸೋ ಕಾಲ, ಜನವರಿ 26ರಲ್ಲಿ ಒಕ್ಕಣೆ. ಸಾಲದ್ದಕ್ಕೆ ಜನಜಂಗುಳಿ, ಮಂಡಿ ನೋವಿನವರು ನಿಲ್ಲೋಕಾಗಲ್ಲ. ಫೆಬ್ರವರಿಯ ಒಂದು ಬುಧವಾರ ಇಟ್ಕೊಂಡಿದ್ದೀನಿ. ಪ್ರದರ್ಶನ ಇಲ್ಲದಿದ್ರೆ ಹೂ ಇರಲ್ಲ ಅನ್ಕೋಬೇಡಿ. 1908ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ಕೃಂಬಿಗಲ್ ಅನ್ನೋ ಅಧಿಕಾರಿ, ಒಂದು ಜಾತಿ ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಬಿಡೋ ಹಾಗೆ ಮರ ಆರಿಸಿ ಬೆಂಗಳೂರಲ್ಲಿ ನೆಡಿಸಿದ್ರು. ಫೆಬ್ರವರಿಯಲ್ಲಿ ಟಬೂಬಿಯ ಮರಗಳ ಸರದಿ.

ಆಮೇಲೆ ದಾರಿ. ನಮ್ಮ ಶಿರಾ ಕಡೆ ಬಸ್ಸು ಹೆದ್ದಾರಿಯಲ್ಲೇ ಹೋಗುತ್ತೆ, ಮೆಜೆಸ್ಟಿಕ್ ತನಕ ಹೋಗೋದು ಬೇಡ. ಮಾದಾವರದಲ್ಲೋ ನಾಗಸಂದ್ರದಲ್ಲೋ ಇಳಿದ್ರೆ ಹಸಿರು ಮಾರ್ಗದ ಮೆಟ್ರೋ. ಎಲ್ಲೂ ಬದಲಾಯಿಸದೆ ಅದೇ ರೈಲು ಲಾಲ್‌ಬಾಗ್ ಸ್ಟೇಷನ್ನಿಗೆ ಬಿಡುತ್ತೆ. ಹತ್ತಿ ಇಳಿಯೋಕೆ ಲಿಫ್ಟ್ ಇದೆ, ಮೆಟ್ಟಿಲ ತೊಂದರೆ ಇಲ್ಲ. ಇಳಿದ್ರೆ ಪಶ್ಚಿಮದ ಗೇಟು ಹತ್ತಿರ. ಸರ್ಕಾರಿ ಬಸ್ಸಲ್ಲಿ ಅವಳಿಗೆ ಸೊನ್ನೆ ಟಿಕೆಟ್ಟು, ದುಡ್ಡು ನನಗೊಬ್ಬನಿಗೇ.

ಒಳಗೆ ಹೋದ್ಮೇಲೆ ಎಲ್ಲಾ ನೋಡ್ಬೇಕು ಅಂತಿಲ್ಲ. 240 ಎಕರೆ ಅದು. ನಮ್ಮಂಥ ಮೂರೂವರೆ ಎಕರೆಯ ಅರವತ್ತೆಂಟು ಜನರ ಜಮೀನು ಒಟ್ಟು ಸೇರಿಸಿದಷ್ಟು. ಗಾಜಿನ ಮನೆ, ದೊಡ್ಡ ಬಿಳಿ ಬೂರುಗದ ಮರ, ಕೆರೆ ದಂಡೆ, ಮೂರು ಸಾಕು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಮುನ್ನೂರು ಕೋಟಿ ವರ್ಷದ ಬಂಡೆ ಇದೆ, ಅದರ ಮೇಲೆ ಕೆಂಪೇಗೌಡರ ಗೋಪುರ. ಬಂಡೆಯನ್ನ ಕೆಳಗಿಂದಲೇ ನೋಡೋದು. ಬಂಡೆಗೆ ನಮ್ಮಲ್ಲೇನು ಬರ, ಬೋರ್ ಕೊರೆಸಿದೋರನ್ನ ಕೇಳಿ! ಮರದ ಕೆಳಗೆ ಬೆಂಚಿದ್ದಲ್ಲೆಲ್ಲಾ ಕೂರೋದು. ಅವತ್ತು ಬುತ್ತಿ ಕಟ್ಟಂಗಿಲ್ಲ ಅಂತ ಹೇಳಿದ್ದೀನಿ. ಅವಳು ಮಾಡದೇ ಇರೋ ದೋಸೆ ಅವಳು ಕೂತು ತಿನ್ಬೇಕು.

ಇದು ಪೇಟೆಯೋರ ಜಾಗ, ನಮಗೇನು ಕೆಲಸ ಅನ್ನೋರಿಗೆ ಒಂದು ಮಾತು. 1760ರಲ್ಲಿ ಹೈದರಾಲಿ ಈ ತೋಟ ಶುರು ಮಾಡಿಸಿದ್ದು ನಮ್ಮ ಶಿರಾದಲ್ಲಿದ್ದ ಮೊಗಲರ ಕಾಲದ ತೋಟ ಮೆಚ್ಚಿಕೊಂಡು ಅಂತ ಇತಿಹಾಸ ಬರೆದೋರು ಹೇಳ್ತಾರೆ. ಟಿಪ್ಪು ಬೇರೆ ಬೇರೆ ದೇಶದಿಂದ ಗಿಡ ಬೀಜ ತರಿಸಿ ಬೆಳೆಸಿದ. ನಾವು ಸಾರಿಗೆ ಹಾಕೋ ಸೀಮೆಬದನೆ, ಲಾಲ್‌ಬಾಗ್ ನೋಡ್ಕೊಳ್ತಿದ್ದ ಕ್ಯಾಮರನ್ ಅನ್ನೋ ಅಧಿಕಾರಿ ಇಲ್ಲಿಗೆ ತಂದಿದ್ದು ಅಂತಾರೆ. ಆಮೇಲೆ ಡಾ. ಎಂ.ಎಚ್. ಮರಿಗೌಡರು ಜಿಲ್ಲೆ ಜಿಲ್ಲೆಗೂ ತೋಟಗಾರಿಕೆ ಕ್ಷೇತ್ರ, ನರ್ಸರಿ ಮಾಡಿಸಿದ್ರು. ಬೆಳೆಗಾರರೇ ಮಾರೋ ಹಾಗೆ 1959ರಲ್ಲಿ ಹಾಪ್‌ಕಾಮ್ಸ್ ಶುರುವಾಗಿದ್ದೂ ಅವರ ಮುತುವರ್ಜಿಯಿಂದ. ನಮ್ಮಪ್ಪ ಅಂಥದೊಂದು ಸರ್ಕಾರಿ ನರ್ಸರಿಯಿಂದ ಸೈಕಲ್ ಮೇಲೆ ತಂದ ಸಪೋಟ ಕಸಿ ಗಿಡ ಈಗಲೂ ನಮ್ಮ ಬಾವಿ ಹತ್ತಿರ ಕಾಯಿ ಬಿಡುತ್ತೆ. ಹಾಗಾಗಿ ನೆಂಟರ ಮನೆಗೆ ಹೋದ ಹಾಗೆ ಹೋಗಿ ಬರೋದು.

ಉಳಿದಿದ್ದು ದೊಡ್ಡ ಸಮಸ್ಯೆ, ಹಾಲು. ಬೆಳಗ್ಗೆ ಐದಕ್ಕೆ ಕರೆದು ಡೇರಿಗೆ ಹಾಕಿ ಏಳು ಗಂಟೆ ಬಸ್ಸು ಹಿಡಿದ್ರೂ ತೋಟ ಮುಟ್ಟೋಕೆ ಹತ್ತೂವರೆ. ಸಾಯಂಕಾಲ ಐದೂವರೆ ಹಾಲಿಗೆ ಮನೇಲಿರ್ಬೇಕು ಅಂದ್ರೆ ಹನ್ನೆರಡೂವರೆಗೆ ಎದ್ದು ಹೊರಡ್ಬೇಕು. ಎರಡು ಗಂಟೆ ಲಾಲ್‌ಬಾಗಿಗೆ ಇಡೀ ದಿನದ ಪ್ರಯಾಣ! ಇಷ್ಟು ವರ್ಷ ನಮ್ಮನ್ನ ಕಟ್ಟಿಹಾಕಿದ್ದು ದುಡ್ಡಲ್ಲ, ಈ ಸಾಯಂಕಾಲದ ಹಾಲು.

ಮೊದಲೆಲ್ಲ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗ್ತಿದ್ವಲ್ಲ, ಅದು ನೆನಪಾಯ್ತು. ಪಕ್ಕದ ಹೊಲದವರನ್ನ ಕೇಳ್ದೆ. ಕೇಳೋಕೆ ನಾಚಿಕೆ ಆಯ್ತು, ಸುಳ್ಳು ಹೇಳಲ್ಲ. ಆಸ್ಪತ್ರೆಗೆ ಅಂದಿದ್ರೆ ಸುಲಭವಾಗಿ ಕೇಳಿರ್ತಿದ್ದೆ, ಹೂ ನೋಡೋಕೆ ಅಂತ ಹೆಂಗೆ ಕೇಳೋದು? ಅವರು ನಗಲಿಲ್ಲ. ಮುಂದಿನ ತಿಂಗಳು ಮಗಳ ಮನೆಗೆ ಹೋಗ್ಬೇಕು, ಅವತ್ತು ನಮ್ಮ ಮೂರು ಹಸು ನೀವು ಕರೀರಿ ಅಂದ್ರು. ಒಪ್ಪಂದ ಆಯ್ತು. ನಮ್ಮ ಹಸು ನನ್ನ ಹೆಂಡತಿ ಕೈಗೆ ಬಿಟ್ಟು ಬೇರೆಯವರಿಗೆ ಸೊರ ಬಿಡಲ್ಲ. ಅದಕ್ಕೆ ಮೂರು ದಿನದಿಂದ ಆ ಮನೆಯಾಕೆ ಸಂಜೆ ಬಂದು ಅಭ್ಯಾಸ ಮಾಡಿಸ್ತಿದ್ದಾರೆ. ಮೊದಲ ದಿನ ಒದೀತು. ನೆನ್ನೆ ಎರಡು ಲೀಟರ್ ಕೊಟ್ತು.

ನೀವೂ ನಿಮ್ಮ ಪಕ್ಕದೋರ ಜೊತೆ ಹಿಂಗೆ ಮುಯ್ಯಿ ಮಾಡ್ಕೊಳ್ಳಿ. ವರ್ಷಕ್ಕೆ ಒಂದೇ ದಿನ ಸಾಕು. ಮಂಡಿ ಗಟ್ಟಿ ಇರುವಾಗಲೇ ಮಾಡ್ಕೊಳ್ಳಿ.

ಸೀರೆ ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದಾಳೆ. ಹೋಗಿ ಬಂದ್ಮೇಲೆ ಬರೀತೀನಿ. ಹೋಗೋಕಾಗದಿದ್ರೆ ಅದನ್ನೂ ಬರೀತೀನಿ.