ಆಯಿಲ್ ಕೂಲರ್ ದೊಡ್ಡದಿದ್ರೆ ಸಾಕಾ?

ನಮ್ಮ ಫಾರ್ಮುಲಾ ಸ್ಟೂಡೆಂಟ್ ಕಾರಿಗಿರೋದು 373 ಸಿಸಿಯ ಕೆಟಿಎಂ ಇಂಜಿನ್. ಎಂಡ್ಯೂರೆನ್ಸ್ ಅಂದ್ರೆ ಸುಮಾರು 22 ಕಿ.ಮೀ. ಓಟ. ಮಧ್ಯದಲ್ಲಿ ಇಂಜಿನ್ ಕೈಕೊಟ್ರೆ ವರ್ಷದ ದುಡಿಮೆಯೂ ಹೋಯ್ತು, ಇನ್ನೊಂದು ಕೊಳ್ಳೋಕೆ ನಮ್ಮ ಹತ್ರ ದುಡ್ಡೂ ಇಲ್ಲ. ಹಾಗಾಗಿ ಆಫ್ಟರ್‌ಮಾರ್ಕೆಟ್ ಆಯಿಲ್ ಕೂಲರ್ ಮಾತು ಬಂದಾಗ ಟೀಮಲ್ಲಿ ಅರ್ಧ ಜನ, "ದೊಡ್ಡದೇ ತಗೊಳ್ಳೋಣ" ಅಂದ್ರು.

ಆದರೆ ಆಯಿಲ್ ತೀರಾ ಬಿಸಿಯಾದರೆ ತೆಳುವಾಗಿ, ಬೇರಿಂಗ್ ಕಾಯುವ ಪದರ ಉಳಿಯಲ್ಲ. ತಣ್ಣಗಿದ್ದರೆ ಮಂದವಾಗಿ ಪವರ್ ತಿನ್ನುತ್ತೆ, ಒಳಗೆ ಸೇರಿದ ನೀರಿನಂಶ ಆವಿಯಾಗಲ್ಲ. ನಮಗೆ ಬೇಕಿದ್ದದ್ದು 100 ಡಿಗ್ರಿಯ ಆಸುಪಾಸು. ಅದಕ್ಕೇ ಮೊದಲು ಸೆನ್ಸರ್ ಹಾಕಿ ಅಳೆದೆವು. ಆಮೇಲೆ ಆರಿಸಿದ್ದು ಸಣ್ಣ ಸ್ಟ್ಯಾಕ್ಡ್ ಪ್ಲೇಟ್ ಕೂಲರ್. ಜೊತೆಗೊಂದು ಥರ್ಮೋಸ್ಟಾಟ್, 80 ಡಿಗ್ರಿ ದಾಟಿದ ಮೇಲಷ್ಟೇ ಅದು ಪೂರ್ತಿ ಆಯಿಲನ್ನು ಕೂಲರ್ ಕಡೆ ಬಿಡೋದು.

ಉಳಿದ ದುಡ್ಡನ್ನೆಲ್ಲ ಡಕ್ಟ್‌ಗೆ ಹಾಕಿದ್ವಿ. ಹೀಟ್ ಟ್ರಾನ್ಸ್‌ಫರ್ ಸೂತ್ರದಲ್ಲಿ ವಿಸ್ತೀರ್ಣ ಒಂದೇ ಇಲ್ವಲ್ಲ, ಗಾಳಿಯ ಲೆಕ್ಕವೂ ಇದೆ. ಗಾಳಿ ಒಳಗೆ ಬರೋಕೆ ದಾರಿ ಕೊಟ್ಟು, ಹೊರಗೆ ಹೋಗೋಕೆ ಕೊಡದಿದ್ರೆ ಎಷ್ಟು ದೊಡ್ಡ ಕೂಲರ್ ಇದ್ರೂ ಅಷ್ಟೇ. ನಂಬಿಕೆ ಬರದವರು ಸಂಜೆ ವರ್ಕ್‌ಶಾಪ್ ಕಡೆ ಬನ್ನಿ, ರೀಡಿಂಗ್ ತೋರಿಸ್ತೀವಿ.